ಸಮಾಧಾನನ ವಿಮಾನ

ಸಮಾಧಾನ ರಾಯಬಾಗದ ಐಟಿಐಯಲ್ಲಿ ಫಿಟ್ಟರ್ ವಿಷಯ ಕಲಿಸುತ್ತಿದ್ದ. ಸೊಟ್ಟಗಾದ ಸರಳನ್ನು ಕಣ್ಣಳತೆಯಲ್ಲೇ ನೆಟ್ಟಗೆ ಮಾಡುತ್ತಿದ್ದವನ ಕೈಯಿಂದ 2014ರ ಮಳೆಗಾಲದಲ್ಲಿ ಚಹಾದ ಕಪ್ಪು ಜಾರಿಬಿತ್ತು. ಆಮೇಲೆ ಅಂಗಿಯ ಗುಂಡಿ ಹಾಕಲು ಬರದಾಯಿತು. ಬೈಕಿನ ಕ್ಲಚ್ಚು ಹಿಡಿಯಲು ಬರದಾಯಿತು. ಮಿರಜದ ಡಾಕ್ಟರು ನರದ ಕಾಯಿಲೆ ಎಂದರು. ಮೊದಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು. ಇದಕ್ಕೆ ಔಷಧಿಯಿಲ್ಲ ಎಂದು ಹೇಳುವಾಗ ಅವರು ಗಂಡ ಹೆಂಡತಿ ಇಬ್ಬರ ಮುಖವನ್ನೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ಸಮಾಧಾನ ಪುಣೆಯಿಂದ ಒಂದು ಪೆಟ್ಟಿಗೆ ತರಿಸಿದ. ಹೊಸಬರು ತಾವೇ ಜೋಡಿಸಿಕೊಂಡು ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ. ಅದು ಅವನ ಚಿಕ್ಕಂದಿನ ಆಸೆಯಂತೆ. ಹೆಂಡತಿ ಉಜ್ವಲಾಗೆ ಅದು ಗೊತ್ತಾದದ್ದು ಆವತ್ತೇ.

"ಕೈ ನಿನ್ನವು, ತಲಿ ನಂದು. ಕುಂಡ್ರ ಇಲ್ಲಿ," ಎಂದ.

ಇಬ್ಬರೂ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಥರ್ಮಾಕೋಲಿನಂಥ ಹಗುರ ರೆಕ್ಕೆಯ ಎರಡು ಹೋಳುಗಳಿಗೆ ಉಜ್ವಲಾ ಅಂಟು ಸುರಿದಾಗ ಅವನು ಹೌಹಾರಿದ.

"ಅಷ್ಟ್ಯಾಕ ಬೇ? ಚಪಾತಿಗೆ ಎಣ್ಣಿ ಸವರ್ದಂಗ ಸವರ. ತೂಕ ಆದ್ರ ಏಳೂದಿಲ್ಲ ಅದು."

ರೆಕ್ಕೆ ಕೂತಿತು, ಬಾಲ ಕೂತಿತು. ಒಳಗಿನ ಸಣ್ಣ ಮೋಟರಿನಿಂದ ಬಾಲಕ್ಕೆ, ವಿಮಾನವನ್ನು ತಿರುಗಿಸುವ ತಂತಿ ಎಳೆದು ಬಿಗಿದಳು. ಕೊನೆಗೆ ತೂಕ ಸಮ ಇದೆಯೇ ನೋಡಲು ರೆಕ್ಕೆಯ ಅಡಿಗೆ ಎರಡು ಬೆರಳು ಕೊಟ್ಟು ಎತ್ತಿದಾಗ ವಿಮಾನ ಮೂತಿಯನ್ನು ತುಸುವೇ ತಗ್ಗಿಸಿ ನಿಂತಿತು.

"ಹಾಂ! ಹಿಂಗ ನಿಲ್ಲಬೇಕ. ನಮ್ಮ ಐಟಿಐದಾಗ ಇದ್ದಿದ್ರ ನಿನಗ ಫಸ್ಟ್ ಕ್ಲಾಸ್ ಕೊಡ್ತಿದ್ದೆ."

ಉಜ್ವಲಾ ನಕ್ಕಳು. ಇಂಥ ಹೊತ್ತಿನಲ್ಲೂ ಸುಖ ಅನ್ನಿಸುತ್ತಿದೆಯಲ್ಲ ಎಂದು ಒಳಗೊಳಗೇ ಹೆದರಿದಳು.

ದಿಗ್ಗೇವಾಡಿಯಲ್ಲಿ ಅವಳ ಅಣ್ಣ ಜಕ್ಕಪ್ಪ ಕಬ್ಬು ಕಡಿಸಿದ್ದ ಹೊಲಕ್ಕೆ ಹೋದರು. ರಿಮೋಟನ್ನು ಸಮಾಧಾನನ ಕೊರಳಿಗೆ ತೂಗುಹಾಕಿ, ಅವನ ಹೆಬ್ಬೆರಳುಗಳನ್ನು ವಿಮಾನ ನಡೆಸುವ ಅದರ ಎರಡು ಕಡ್ಡಿಗಳ ಮೇಲೆ ಉಜ್ವಲಾಳೇ ಇಟ್ಟಳು. ಗಾಳಿಗೆ ಎದುರಾಗಿ ಓಡಿ ವಿಮಾನವನ್ನು ತೂರಿದಳು. ಅದು ಏರಿತು.

"ಹೋತು! ನೋಡ, ಹೋತು!" ಸಮಾಧಾನ ಹುಡುಗನಂತೆ ಕೂಗಿದ.

ವಿಮಾನ ನೆಟ್ಟಗೆ ಹೊಳೆಯ ಕಡೆಗೆ ಹೊರಟಿತು. ತಿರುಗಿಸಬೇಕಿತ್ತು. ಉಜ್ವಲಾ ಓಡಿ ಬಂದು ಅವನ ಕೈ ನೋಡಿದಳು. ಹೆಬ್ಬೆರಳು ಕಡ್ಡಿಯ ಮೇಲೆ ಅದುರುತ್ತಿತ್ತೇ ಹೊರತು ಸರಿಯುತ್ತಿರಲಿಲ್ಲ. ರಿಮೋಟಿಗೆ ಕೈ ಚಾಚಿದಳು.

"ಮುಟ್ಟಬ್ಯಾಡ!"

ವಿಮಾನ ಮೂತಿ ತಗ್ಗಿಸಿ ಇಳಿದು ಬದುವಿಗೆ ಬಡಿದು ಬಿತ್ತು.

"ಬಾಲದ ತಂತಿ ಸಡಲ ಆಗಿತ್ತ. ನೀ ಬರೋಬ್ಬರಿ ಬಿಗದಿಲ್ಲ," ಎಂದ ಸಮಾಧಾನ.

ಅವಳು ಹೋಗಿ ನೋಡಿದಳು. ರೆಕ್ಕೆ ಸೀಳಿತ್ತು. ತಂತಿ ಮಾತ್ರ ಬಿಗಿದ ಹಾಗೇ ಇತ್ತು. ಅವನಿಗೆ ಬೆನ್ನು ಮಾಡಿ ಕುಳಿತು, ಉಗುರಿನಿಂದ ತಂತಿಯನ್ನು ಕಿತ್ತು ಎದ್ದಳು.

"ಹೌದ್ರಿ, ಬಿಚ್ಚೈತಿ. ನಂದ ತಪ್ಪು."

ಸಂಜೆ ಮನೆಯಲ್ಲಿ ತುತ್ತು ಮಾಡಿ ಉಣ್ಣಿಸುವಾಗ ಅವನು ಮುಖ ತಿರುಗಿಸಿದ.

"ಹಾರಸೂಕಿಂತ ಮೊದಲ ಆ ತಂತಿ ನಾನ ಹಲ್ಲಾಗ ಹಿಡದ ಜಗ್ಗಿ ನೋಡಿದ್ದೆ," ಎಂದ. "ಗಟ್ಟಿ ಇತ್ತ, ಉಜ್ವಲಾ. ಮೊದಲ ಸುಳ್ಳ ಹೇಳಿದಾಂವ ನಾನ."

ಅವಳು ತುತ್ತನ್ನು ತಟ್ಟೆಗಿಟ್ಟಳು. ಅವನ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ಅವಳು ಸೆರಗಿನಿಂದ ಒರೆಸಿದಳು.

"ಇನ್ನ ಮ್ಯಾಲೆ ಸುಳ್ಳ ಹೇಳಬ್ಯಾಡ. ನನ್ನ ಕೈಲಿ ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ನ. ನೀನ ಅಂದ್ರ ತಡಕೋತೀನಿ."

"ಆತ್ರಿ," ಎಂದಳು.

ಆ ಮಾತಿಗೆ ಅವಳು ತಪ್ಪಲಿಲ್ಲ. ಚಳಿಗಾಲದಲ್ಲಿ ಅವನು ಗೋಡೆಗೆ ಒರಗಿ ಏಳಹೋದಾಗ, "ಆಗೂದಿಲ್ರಿ, ಕುಂಡರ್ರಿ," ಎಂದಳು. ಬೇಸಿಗೆಯ ಒಂದು ಮಧ್ಯಾಹ್ನ ಅವನು ಅವಳ ಹೆಸರು ಹಿಡಿದು ಕರೆಯಲು ಬಾಯಿ ತೆರೆದ. ಬರೀ ಗಾಳಿ ಬಂತು. ಕೇಳಿಸಿತೇ ಎಂಬಂತೆ ಅವಳನ್ನೇ ನೋಡಿದ. ಕೇಳಿಸಿತು ಎಂದುಬಿಡಲು ಅವಳ ಜೀವ ಒದ್ದಾಡಿತು.

"ಕೇಳಸಲಿಲ್ರಿ," ಎಂದು ಅವನ ಎದೆಯ ಮೇಲೆ ತಲೆಯಿಟ್ಟಳು.

ಮಳೆ ಶುರುವಾಗುವ ಮೊದಲೇ ಅವನು ಹೋದ.