ನಾಲ್ಕು ಗಂಟೆಗೆ ಉಳಿಸಿದ ಬೆಳಕು

ಸಂಜೆ ನಾಲ್ಕು ಗಂಟೆ ಆಯಿತೆಂದರೆ ಫಿದ್ದಾಳ ಟ್ಯಾಬ್ಲೆಟ್ಟಿಗೆ ಸುಸ್ತು. ಬೆಳಿಗ್ಗೆಯೆಲ್ಲ ಮದುವೆ ಮನೆಯ ಹಾಗೆ ಝಗಮಗಿಸುತ್ತಿದ್ದ ಪರದೆ ಬೇಕಾದ ಹೊತ್ತಿಗೆ ಸರಿಯಾಗಿ ಕಪ್ಪಾಗಿ ಕೂರುತ್ತಿತ್ತು. ಅಳಿಯ ತಂದುಕೊಟ್ಟ ಹೊಸ ಟ್ಯಾಬ್ಲೆಟ್ ಅದು. ಹಳೆಯದರ ಚಿತ್ರ ಮಂಕಾಗಿತ್ತು, ಆದರೆ ಇಡೀ ದಿನ ಬಾಳುತ್ತಿತ್ತು.

"ಇದು ಹೊಸ ಸೊಸೆ ಥರ ಇದೆ ಅತ್ತಿಗೆ," ಎಂದಳು ನಾದಿನಿ ಗಾಲ್ಯಾ. "ನೋಡೋಕೆ ಚೆಂದ, ಕೆಲಸ ಅಂದ್ರೆ ಮಲಗಿಬಿಡುತ್ತೆ."

ಅದನ್ನು ಬಾಯಲ್ಲೂ ಹೇಳಿದಳು, ಕೈಯಲ್ಲೂ ಹೇಳಿದಳು. ಬೀರ್ ತಲ್‌ಹಾದಲ್ಲಿ ಎಲ್ಲರೂ ಹಾಗೆಯೇ. ನಕಬ್ ಮರಳುಗಾಡಿನ ಆ ಊರಿನಲ್ಲಿ ಪ್ರತಿ ಮನೆಯಲ್ಲೂ ಒಬ್ಬಿಬ್ಬರಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಕೇಳಿಸುವವರೂ ಕೈಮಾತು ಕಲಿತೇ ದೊಡ್ಡವರಾಗುತ್ತಾರೆ. ಫಿದ್ದಾಳಿಗೆ ಕೇಳಿಸದು. ಅವಳ ಮಗಳು ರಸ್ಮಿಯಾಳಿಗೂ ಕೇಳಿಸದು.

ಆ ರಸ್ಮಿಯಾ ಈಗ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಚೊಚ್ಚಲ ಬಸುರಿ, ಎಂಟು ತಿಂಗಳು, ರಕ್ತದೊತ್ತಡ ಏರಿದೆಯೆಂದು ಅಲ್ಲೇ ಮಲಗಿಸಿಕೊಂಡಿದ್ದರು. ಅಲ್ಲಿ ಯಾರಿಗೂ ಊರಿನ ಕೈಮಾತು ಬಾರದು. ಗಂಡ ಕಲ್ಲುಗಣಿಯ ಕೆಲಸ ಮುಗಿಸಿ ಬರುವಾಗ ಕತ್ತಲಾಗಿರುತ್ತಿತ್ತು. ಜೊತೆಗಿರಬೇಕಾಗಿದ್ದ ಗಾಲ್ಯಾ ಆಡಿನ ಹಿಂದೆ ಓಡಿ ಕಾಲು ಮುರಿದುಕೊಂಡು, ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಅದಕ್ಕೇ ಒಂದು ಉಪಾಯ ಮಾಡಿದ್ದರು. ನಾಲ್ಕು ಗಂಟೆಗೆ ಡಾಕ್ಟರಮ್ಮ ರೌಂಡ್ಸಿಗೆ ಬರುತ್ತಾರೆ. ಆಗ ರಸ್ಮಿಯಾ ತನ್ನ ಫೋನಿನಿಂದ ವಿಡಿಯೋ ಕಾಲ್ ಮಾಡಬೇಕು. ಡಾಕ್ಟರಮ್ಮ ಹೇಳಿದ್ದನ್ನು ಗಾಲ್ಯಾ ಇಲ್ಲಿಂದಲೇ ಕೇಳಿ ಕೈಯಲ್ಲಿ ಹೇಳಬೇಕು, ರಸ್ಮಿಯಾ ಕೈಯಲ್ಲಿ ಹೇಳಿದ್ದನ್ನು ಡಾಕ್ಟರಮ್ಮನಿಗೆ ಬಾಯಲ್ಲಿ ಹೇಳಬೇಕು.

"ಮುರಿದಿರೋದು ಕಾಲು. ಬಾಯೂ ನೆಟ್ಟಗಿದೆ, ಕೈಯೂ ನೆಟ್ಟಗಿದೆ," ಎಂದಿದ್ದಳು ಗಾಲ್ಯಾ.

ಆದರೆ ಮೂರು ದಿನದಿಂದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮೂರನೆಯ ದಿನವಂತೂ ಮುಖ್ಯ ಮಾತಿಗೇ ಕತ್ತರಿ ಬಿತ್ತು. ಡಾಕ್ಟರಮ್ಮ "ನಾಳೆ..." ಎಂದರಂತೆ. ಗಾಲ್ಯಾಳ ಕೈ "ನಾಳೆ" ಎಂದಿತು. ಅಷ್ಟರಲ್ಲಿ ಪರದೆ ಸತ್ತಿತು.

ನಾಳೆ ಏನು? ಕತ್ತಲಾದ ಮೇಲೆ ಅಳಿಯ ಗಾಲ್ಯಾಳ ಚಿತ್ರ ಬಾರದ ಹಳೆಯ ಬಟನ್ ಫೋನಿಗೆ ಕರೆ ಮಾಡಿ ಸುದ್ದಿ ಹೇಳಿದ. ನಾಳೆ ನಾಲ್ಕು ಗಂಟೆಗೆ ಆಪರೇಷನ್ ವಿಷಯ ತೀರ್ಮಾನ ಮಾಡುತ್ತಾರೆ. ಅದಕ್ಕೆ ರಕ್ತ ತೆಗೆಯಲು ನರ್ಸ್‌ಗಳು ಬಂದರೆ ರಸ್ಮಿಯಾ ಕೊಡವಿಕೊಂಡಳಂತೆ. ಅವರು ಅವಳ ಎರಡೂ ಕೈ ಒತ್ತಿ ಹಿಡಿದರಂತೆ. ಯಾಕೆಂದು ಯಾರೂ ಹೇಳಲಿಲ್ಲ, ಕೇಳೋಣವೆಂದರೆ ಅವಳ ಕೈ ಇನ್ನೊಬ್ಬರ ಹಿಡಿತದಲ್ಲಿತ್ತು. ನಮ್ಮ ನಿಮ್ಮ ಬಾಯಿ ಮುಚ್ಚಿ ಹಿಡಿದರೆ ಹೇಗೋ ಅದು ಹಾಗೆ.

ಮರುದಿನ ಬೆಳಿಗ್ಗೆ ನೌಫಾ ಬಂದಳು. ವಾರಕ್ಕೊಮ್ಮೆ ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಅವಳು. ಫಿದ್ದಾಳ ಗಂಡನ ಇನ್ಸುಲಿನ್ ಇರುವ ಫ್ರಿಜ್ ತಣ್ಣಗಿದೆಯೇ ಎಂದು ನೋಡುವುದು ಅವಳ ಮೊದಲ ಕೆಲಸ. ಬೀರ್ ತಲ್‌ಹಾದಲ್ಲಿ ವಿದ್ಯುತ್ ತಂತಿ ಊರಿನ ಮೇಲಿಂದ ಹೋಗುತ್ತದೆ, ಊರಿಗೆ ಇಳಿಯುವುದಿಲ್ಲ. ಮನೆಗೊಂದು ಸೋಲಾರ್. ಚಳಿಗಾಲದ ಮೋಡದಲ್ಲಿ ಅದು ದುಡಿಯುವುದೆಲ್ಲ ಫ್ರಿಜ್ಜಿಗೇ ಸರಿಹೋಗುತ್ತದೆ. ಟ್ಯಾಬ್ಲೆಟ್ಟಿಗೆ ಸಿಗುವುದು ಮುಂಜಾನೆ ಒಂದು ಗಂಟೆಯ ಚಾರ್ಜ್, ಅಷ್ಟೆ.

ಅಂಗಳದ ಬಿಸಿಲಿನಲ್ಲಿ, ಕಾಫಿ ಡಬ್ಬಕ್ಕೆ ಒರಗಿ ಟ್ಯಾಬ್ಲೆಟ್ ನಿಂತಿತ್ತು. ಬೆಳಕು ಪೂರ್ತಿ ಏರಿಸಿದ್ದರು. ಪರದೆಯ ಮೇಲೆ ಗುಲಾಬಿ ಹೂಗಳು ಅರಳುತ್ತ ಉದುರುತ್ತ ಇದ್ದವು.

"ಚಿಕ್ಕಮ್ಮ, ಯಾರು ನೋಡ್ತಿದಾರೆ ಇದನ್ನ? ಆಡುಗಳಾ?" ಎಂದಳು ನೌಫಾ. ಅವಳ ಕೈಮಾತು ಚುರುಕು, ಅವಳ ತಮ್ಮನೂ ಕಿವುಡ.

"ಆರಿಸಬೇಡ!" ಫಿದ್ದಾ ಎದ್ದೇ ಬಂದಳು. "ನಂಗೆ ರಿಂಗ್ ಕೇಳಿಸುತ್ತಾ? ಮಗಳು ಕರೆದಾಗ ಗೊತ್ತಾಗೋದು ಪರದೆ ನೋಡಿದ್ರೇನೇ. ಆರಿಸಿದ್ರೆ ಅವಳ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ."

"ಸರಿ, ಆರಿಸೋದು ಬೇಡ. ಬೆಳಕಾದ್ರೂ ತಗ್ಗಿಸ್ತೀನಿ."

"ಮಾತಾಡೋರ ಮುಂದೆ ದೀಪ ತಗ್ಗಿಸ್ತಾರೇನೇ? ನಿಮ್ಮಮ್ಮ ಇಷ್ಟೂ ಕಲಿಸಲಿಲ್ವಾ?"

ನೌಫಾ ತಲೆ ಬಗ್ಗಿಸಿದಳು. ಆ ಊರಿನಲ್ಲಿ ಅದು ದೊಡ್ಡ ಮಾತು. ಕೈಮಾತಿನವರಿಗೆ ಬೆಳಕಿದ್ದರೆ ಮಾತು. ಒಬ್ಬರು ಹೇಳುತ್ತಿರುವಾಗ ದೀಪ ತಗ್ಗಿಸಿದರೆ ಅವರನ್ನು ಬಾಯಿ ಮುಚ್ಚು ಎಂದಂತೆ. ಅದಕ್ಕೇ ಫಿದ್ದಾ ಮೂರು ದಿನವೂ ಬೆಳಕನ್ನು ಒಂದು ಗೆರೆಯಷ್ಟೂ ಇಳಿಸಿರಲಿಲ್ಲ.

"ನಾಲ್ಕು ಗಂಟೆಗೆ ಇದು ಬದುಕಿರಬೇಕೋ ಬೇಡವೋ, ಅದನ್ನ ಹೇಳಿ," ಎಂದಳು ನೌಫಾ.

ಫಿದ್ದಾ ಪಕ್ಕಕ್ಕೆ ಸರಿದಳು. ನೌಫಾ ಟ್ಯಾಬ್ಲೆಟ್ ತೆಗೆದುಕೊಂಡು ಬ್ಯಾಟರಿ ಉಳಿಸುವ ಬಟನ್ ಒತ್ತಿದಳು. ಬೆಳಕು ಕುಗ್ಗಿತು, ಹೂಗಳು ನಿಂತವು. ಪರೀಕ್ಷೆಗೆಂದು ತನ್ನ ಫೋನ್ ಹಿಡಿದು ಒಳಕೋಣೆಗೆ ಹೋಗಿ ಅಲ್ಲಿಂದ ವಿಡಿಯೋ ಕಾಲ್ ಮಾಡಿದಳು. ಪರದೆಯಲ್ಲಿ ಅವಳ ಕೈ ಒಮ್ಮೆ ಎದೆಯ ಹತ್ತಿರ ಇತ್ತು, ಮತ್ತೊಮ್ಮೆ ಹಣೆಯ ಹತ್ತಿರ. ನಡುವೆ ಏನಾಯಿತೋ ಕಾಣಲೇ ಇಲ್ಲ.

ಹೊರಗೆ ಬಂದವಳಿಗೆ ಫಿದ್ದಾ ತಲೆ ಅಲ್ಲಾಡಿಸಿದಳು. "ಇದು ಬೇಡ. ಇದರಲ್ಲಿ ನನ್ನ ಮಗಳು ತೊದಲ್ತಾಳೆ."

ನೌಫಾಳ ಮುಖ ಕೆಂಪಾಯಿತು. "ತಪ್ಪಾಯ್ತು ಚಿಕ್ಕಮ್ಮ. ನನ್ನ ಫೋನಲ್ಲಿ ಬರೀ ಬಾಯಿಮಾತಿನ ಹರಟೆ. ಚಿತ್ರ ಹೇಗಿದ್ರೂ ನಡೆಯುತ್ತೆ ಅಂತ ಅದೇ ಬಟನ್ ಒತ್ತಿ ಅಭ್ಯಾಸ."

"ಎಲ್ಲಾ ಕತ್ತರಿಸಿಬಿಟ್ರೆ ಉಳಿತಾಯನೂ ಅಲ್ಲ ಏನೂ ಅಲ್ಲ," ಎಂದಳು ಗಾಲ್ಯಾ, ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲೆ ಸರಿಮಾಡಿಕೊಳ್ಳುತ್ತ. "ಯಾವುದು ಬೇಕು, ಯಾವುದು ಬೇಡ, ಅದನ್ನ ನೋಡ್ರೇ ಮೊದಲು."

ಮೂವರೂ ಪರಿಮಳದ ಸೊಪ್ಪು ಹಾಕಿದ ಚಹಾ ಕುಡಿಯುತ್ತ ಕೂತರು. ಕೈ ಸರಾಗವಾಗಿ ಹರಿಯುವುದು ಬೇಕು, ಅದನ್ನು ಮುಟ್ಟುವಂತಿಲ್ಲ. ನೌಫಾ ಬ್ಯಾಟರಿ ಉಳಿಸುವ ಆ ಬಟನ್ ಆರಿಸಿದಳು. ಅರಳುವ ಗುಲಾಬಿ ಬೇಡ, ಅಲ್ಲೊಂದು ಕಪ್ಪು ಚಿತ್ರ ಸಾಕು. ಆಮೇಲೆ ಸೆಟ್ಟಿಂಗ್ಸ್ ನೋಡಿ ಹುಬ್ಬೇರಿಸಿದಳು. "ಈ ಪರದೆ ಸೆಕೆಂಡಿಗೆ ನೂರಿಪ್ಪತ್ತು ಸಲ ಚಿತ್ರ ಬದಲಿಸ್ತಿದೆ. ಆಟ ಆಡೋರಿಗೆ ಅದು. ಅರವತ್ತು ಸಾಕು, ಕೈ ನೋಡೋಕೆ ಏನೂ ಕೊರತೆ ಇಲ್ಲ." ಇಳಿಸಿ ತೋರಿಸಿದಳು. ಫಿದ್ದಾ ಕಣ್ಣಿಟ್ಟು ನೋಡಿ, ಹೌದು ಎಂದಳು.

ಉಳಿದದ್ದು ಬೆಳಕು.

"ಚಿಕ್ಕಮ್ಮ, ಒಂದು ಕೇಳ್ತೀನಿ. ನಿಮ್ಮ ಪರದೆ ತಗ್ಗಿಸಿದ್ರೆ ರಸ್ಮಿಯಾಗೆ ನೀವು ಮಂಕಾಗಿ ಕಾಣ್ತೀರಿ ಅಂತ ತಾನೇ ನಿಮ್ಮ ಭಯ?"

"ಮತ್ತಿನ್ನೇನು?"

ನೌಫಾ ಟ್ಯಾಬ್ಲೆಟ್ಟನ್ನೂ ತನ್ನ ಫೋನನ್ನೂ ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದಕ್ಕೆ ಕಾಲ್ ಮಾಡಿದಳು. ಫೋನಿನಲ್ಲಿ ಫಿದ್ದಾಳ ಮುಖ ಮೂಡಿತು. ನೌಫಾ ಟ್ಯಾಬ್ಲೆಟ್ಟಿನ ಬೆಳಕನ್ನು ಅರ್ಧಕ್ಕೆ ಇಳಿಸಿದಳು. ಮತ್ತೂ ಇಳಿಸಿದಳು. ಫೋನಿನೊಳಗಿನ ಫಿದ್ದಾ ಇದ್ದ ಹಾಗೇ ಇದ್ದಳು, ಹಣೆಯ ಹಚ್ಚೆಯ ಚುಕ್ಕಿಯೂ ಕಾಣುತ್ತಿತ್ತು. ಆಮೇಲೆ ನೌಫಾ ತನ್ನ ಶಾಲನ್ನು ಬಿಸಿಲಿಗೆ ಅಡ್ಡ ಹಿಡಿದು ಫಿದ್ದಾಳ ಮುಖದ ಮೇಲೆ ನೆರಳು ಬೀಳಿಸಿದಳು. ಆಗ ಫೋನಿನೊಳಗಿನ ಫಿದ್ದಾ ಕಪ್ಪಾದಳು.

ಫಿದ್ದಾ ಎರಡನ್ನೂ ನೋಡಿದಳು. ಇನ್ನೊಮ್ಮೆ ಮಾಡು ಎಂದಳು. ನೌಫಾ ಇನ್ನೊಮ್ಮೆ ಮಾಡಿದಳು.

"ಅಂದ್ರೆ ಅವಳಿಗೆ ಬೇಕಾದ ಬೆಳಕು ನನ್ನ ಮುಖದ ಮೇಲೆ ಇರಬೇಕು. ಪರದೆ ಒಳಗಿನದು ನಂಗೆ ಮಾತ್ರ."

"ಅಷ್ಟೇ ಚಿಕ್ಕಮ್ಮ. ನೀವು ಪರದೆನ ಬಿಸಿಲಲ್ಲಿ ಇಟ್ಟಿದೀರಿ. ಬಿಸಿಲ ಜೊತೆ ಜಗಳ ಆಡ್ತಾ ಬ್ಯಾಟರಿ ಪೂರ್ತಿ ಖಾಲಿ. ಒಳಗೆ ಬಾಗಿಲ ಕಡೆ ಮುಖ ಮಾಡಿ ಕೂತ್ಕೊಳ್ಳಿ. ಬೆಳಕು ನಿಮ್ಮ ಮೇಲೆ ಬೀಳಲಿ, ಪರದೆಯ ಮುಖ ನಿಮ್ಮ ಕಡೆ, ನೆರಳಲ್ಲಿ ಇರಲಿ. ಆಗ ಕಡಿಮೆ ಬೆಳಕಲ್ಲೇ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ."

ಪರದೆ ಆರಿದ್ದರೆ ಮಗಳ ಕರೆ ಗೊತ್ತಾಗುವುದು ಹೇಗೆ? ಅದಕ್ಕೆ ದಾರಿ ಹುಡುಕಿದವಳು ಫಿದ್ದಾಳೇ. ನೌಫಾಳ ಫೋನ್ ಚಹಾದ ತಾಮ್ರದ ತಟ್ಟೆಯ ಮೇಲಿತ್ತು. ಅದಕ್ಕೆ ಯಾವುದೋ ಕರೆ ಬಂದು ತಟ್ಟೆ, ಲೋಟ, ಎಲ್ಲ ನಡುಗಿದವು. ತಟ್ಟೆಯ ಅಂಚಿನಲ್ಲಿದ್ದ ಫಿದ್ದಾಳ ಬೆರಳಿಗೂ ಅದು ಮುಟ್ಟಿತು. ಅವಳು ಲೋಟಗಳನ್ನು ಎತ್ತಿಟ್ಟಳು, ಟ್ಯಾಬ್ಲೆಟ್ಟನ್ನು ನಡುಗುವ ಹಾಗೆ ಮಾಡಿಸಿಕೊಂಡು ತಟ್ಟೆಯ ಮೇಲೆ ಮಲಗಿಸಿದಳು, ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೂರು ದಿನದಲ್ಲಿ ಮೊದಲ ಸಲ ತಾನೇ ಪರದೆ ಆರಿಸಿದಳು.

"ಈಗ ಲೋಟ ಕೈಯಲ್ಲೇ ಹಿಡ್ಕೊಂಡು ಕೂರಬೇಕಾ ನಾವು?" ಎಂದು ಗಾಲ್ಯಾ ಗೊಣಗಿದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮಡಿಲು ನಡುಗಿತು. ಬ್ಯಾಟರಿ ಎಪ್ಪತ್ತೊಂದು ಎಂದು ತೋರಿಸುತ್ತಿತ್ತು.

ರಸ್ಮಿಯಾಳ ಮುಖ ಬಾಡಿತ್ತು. ಡಾಕ್ಟರಮ್ಮ ಮಾತಾಡಿದರು, ಗಾಲ್ಯಾಳ ಕೈ ಅದನ್ನು ಹೇಳಿತು. ಒತ್ತಡ ಏರುತ್ತಲೇ ಇದೆ. ಇನ್ನು ಕಾಯುವುದು ತಾಯಿಗೂ ಒಳ್ಳೆಯದಲ್ಲ, ಮಗುವಿಗೂ ಒಳ್ಳೆಯದಲ್ಲ. ಇವತ್ತೇ ಆಪರೇಷನ್. ಬೆನ್ನಿಗೊಂದು ಸೂಜಿ, ಸೊಂಟದ ಕೆಳಗೆ ಮರಗಟ್ಟುತ್ತದೆ, ಎಚ್ಚರ ಇರುತ್ತದೆ. ರಸ್ಮಿಯಾ ಬೇಡ ಎಂದಳು. ಗಾಲ್ಯಾ ಮತ್ತೆ ಹೇಳಿದಳು. ಮತ್ತೆ ಬೇಡ ಎಂದಳು.

ಫಿದ್ದಾ ಪರದೆಯ ಹತ್ತಿರ ಜರುಗಿದಳು. "ನೋವಿಗೆ ಹೆದರೋಳಲ್ಲ ನೀನು. ಏನು ಹೇಳು."

ರಸ್ಮಿಯಾಳ ಕೈ ಸಣ್ಣಗೆ, ಹೊಟ್ಟೆಯ ಹತ್ತಿರವೇ ಆಡಿತು. ಬೆಳಿಗ್ಗೆಯ ಆ ತೊದಲುವ ಚಿತ್ರದಲ್ಲಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

"ಕೈ ಕಟ್ಟಿಬಿಡ್ತಾರೆ ಅಮ್ಮ. ಒಳಗೆ ನಂಗೇನಾದ್ರೂ ಆದ್ರೆ ಹೇಗೆ ಹೇಳ್ಲಿ?"

ಗಾಲ್ಯಾ ಅದನ್ನು ಬಾಯಲ್ಲಿ ಹೇಳಿದಳು. ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ನಿಧಾನವಾಗಿ ಮಾತಾಡಿದರು. ಒಂದು ಕೈಗೆ ಡ್ರಿಪ್ ಇರುತ್ತದೆ. ಇನ್ನೊಂದನ್ನು ಯಾರೂ ಹಿಡಿಯುವುದಿಲ್ಲ, ಕಟ್ಟುವುದಿಲ್ಲ. ನಿನ್ನೆ ಹಿಡಿದದ್ದು ತಪ್ಪಾಯಿತು. ನೋವಾದರೆ, ಹೆದರಿಕೆಯಾದರೆ, ಉಸಿರು ಕಟ್ಟಿದರೆ ಯಾವ ಗುರುತು ಮಾಡುತ್ತೀಯೋ ಈಗಲೇ ನನಗೆ ಕಲಿಸು.

ರಸ್ಮಿಯಾ ಕಲಿಸಿದಳು. ಡಾಕ್ಟರಮ್ಮ ಮೂರು ಸಲ ಮಾಡಿ ತೋರಿಸಿದರು, ಒಂದು ಸಲ ತಪ್ಪಿ ನಗಿಸಿದರು. ಮಾತು ಮುಗಿದಾಗ ನಲವತ್ತು ನಿಮಿಷ ಆಗಿತ್ತು. ನರ್ಸ್ ಸೂಜಿ ಹಿಡಿದು ಬಂದಾಗ ರಸ್ಮಿಯಾ ತಾನೇ ತೋಳು ಚಾಚಿದ್ದನ್ನು ಫಿದ್ದಾ ಕಣ್ಣಾರೆ ಕಂಡಳು.

ಮರುದಿನ ನಾಲ್ಕು ಗಂಟೆಗೆ ಮತ್ತೆ ಮಡಿಲು ನಡುಗಿತು. ರಸ್ಮಿಯಾಳ ಎದೆಯ ಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಹೆಣ್ಣು ಮಗು. ಅವಳು ಬಟ್ಟೆಯನ್ನು ಸಡಿಲಿಸಿ ಮಗುವಿನ ಎರಡೂ ಕೈಗಳನ್ನು ಹೊರಗೆ ತೆಗೆದಳು. ಪುಟ್ಟ ಬೆರಳುಗಳು ಗಾಳಿಯಲ್ಲಿ ಆಡಿದವು. ಮಗುವಿಗೆ ಕೇಳಿಸುತ್ತದೆಯೋ ಇಲ್ಲವೋ ಯಾರೂ ಕೇಳಲಿಲ್ಲ.

ಫಿದ್ದಾ ಪರದೆಯ ಬೆಳಕನ್ನು ಪೂರ್ತಿ ಏರಿಸಿದಳು.

"ಅತ್ತಿಗೆ, ಬ್ಯಾಟರಿ!" ಎಂದಳು ಗಾಲ್ಯಾ.

"ಇವತ್ತಿಗೆ ಅಂತಾನೇ ಉಳಿಸಿದ್ದು. ಸುಮ್ನಿರು," ಎಂದಳು ಫಿದ್ದಾ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಕೈಯಲ್ಲಿರುವ ಪರದೆಯನ್ನೂ ಒಮ್ಮೆ ನೋಡಿಕೊಳ್ಳಿ. ಒಳ್ಳೆಯ ಚಿತ್ರ ಬೇಕೆನ್ನುವುದು ತಪ್ಪಲ್ಲ, ಆದರೆ ಅದು ಬ್ಯಾಟರಿಯನ್ನು ತಿಂದೇ ಬೆಳಗುತ್ತದೆ. ಬಿಸಿಲಿನಲ್ಲಿ ಬೆಳಕು ಏರಿಸುವ ಮೊದಲು ಎದ್ದು ನೆರಳಿಗೆ ಹೋಗಿ. ಯಾರೂ ನೋಡದ ಪರದೆಯನ್ನು ಆರಿಸಿ. ನಿಮ್ಮ ಕೆಲಸಕ್ಕೆ ನಿಜವಾಗಿ ಏನು ಬೇಕೋ ಅದನ್ನು ಮಾತ್ರ ಬಿಡಬೇಡಿ. ಹೊಸದು ಕೊಳ್ಳುವಾಗ ಅಂಗಡಿಯವನು ಪರದೆಯ ಝಗಮಗ ತೋರಿಸಿದರೆ, ಎಷ್ಟು ಹೊತ್ತು ಬಾಳುತ್ತದಪ್ಪ ಎಂದೂ ಕೇಳಿ.

ಪ್ರತಿ ಮನೆಗೂ ಒಂದು ನಾಲ್ಕು ಗಂಟೆ ಇರುತ್ತದೆ. ನಿಮ್ಮದು ಯಾವುದೆಂದು ಇವತ್ತೇ ಗುರುತು ಮಾಡಿಕೊಳ್ಳಿ, ಆ ಹೊತ್ತಿಗೆ ಬೆಳಕು ಉಳಿಸಿಡಿ.