ಪ್ಲಾಸ್ಟಿಕ್ ತೆಗೆಯದ ಸೀಟು

ಪಿಕಪ್ ಮನೆಗೆ ಬಂದು ಮೂರು ವರ್ಷವಾದರೂ ಸೀಟಿನ ಮೇಲಿದ್ದ ಶೋರೂಮಿನ ಪ್ಲಾಸ್ಟಿಕ್ಕನ್ನು ಕೊಟ್ರೇಶ್ ತೆಗೆದಿರಲಿಲ್ಲ. ಅದು ಹಳದಿಗಟ್ಟಿ, ಅಲ್ಲಲ್ಲಿ ಹರಿದು, ಒಳಗೆ ಬೆವರು ಇಳಿದು ನಾರುತ್ತಿತ್ತು. ಗಾಡಿ ಹತ್ತಿದಾಗಲೆಲ್ಲ ಹೆಂಡತಿ ಜ್ಯೋತಿಲಕ್ಷ್ಮಿ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಈಗ ಸೊಂಟನೋವೆಂದು ಸೀಟು ಬಿಸಿ ಮಾಡುವ ಹಾಸುಗಳನ್ನು ಆನ್‌ಲೈನಿನಲ್ಲಿ ತರಿಸಿದ್ದ. ವಿಡಿಯೊ ನೋಡಿಕೊಂಡು ತಾನೇ ಎರಡೂ ಸೀಟಿನ ಕವರು ಬಿಚ್ಚಿ, ಸ್ಪಂಜಿನ ಮೇಲೆ ಹಾಸು ಅಂಟಿಸಿದ. ಬಿಸಿಯನ್ನು ಹದದಲ್ಲಿಡುವ ಡಬ್ಬಿಯನ್ನು "ಇದೊಂದು ದಂಡ" ಎಂದು ಬಿಸಾಕಿ, ನಡುವೆ ಬರೀ ಒಂದು ಸ್ವಿಚ್ಚಿಟ್ಟು ವೈರನ್ನು ನೇರ ಬ್ಯಾಟರಿಗೇ ಎಳೆದ. ಕೊನೆಗೆ, ಥೂ, ಆ ದರಿದ್ರ ಪ್ಲಾಸ್ಟಿಕ್ಕನ್ನು ಮತ್ತೆ ಜೋಪಾನವಾಗಿ ತೊಡಿಸಿದ!

"ಈಗಾದ್ರೂ ಅದನ್ನ ತಿಪ್ಪೆಗೆ ಎಸೀರಿ," ಅಂದಳು.

"ಸೀಟು ಹಾಳಾಗ್ತೈತೆ ಕಣೆ," ಅಂದ.

ಮರುದಿನ ತಂಗಿಯ ಸೀಮಂತಕ್ಕೆಂದು ರೇಷ್ಮೆ ಸೀರೆಯುಟ್ಟು ಅವನ ಜೊತೆ ನ್ಯಾಮತಿಯಿಂದ ಹೊನ್ನಾಳಿಗೆ ಹೊರಟಳು. ಅರ್ಧ ದಾರಿಗೆ ಸೀಟು ಕಾವೇರಿತು. ಮೂರು ವರ್ಷದ ಬೆವರೆಲ್ಲ ಬೆಂದು, ಹಳಸಿದ ಸಾರು ಕುದಿಸಿದಂಥ ನಾತ ಎದ್ದಿತು.

"ಆರಿಸ್ರೀ ಅದನ್ನ!"

"ತಡಿಯೆ, ಸೊಂಟಕ್ಕೆ ಈಗ ಹಿತ ಆಗಾಕೆ ಶುರುವಾಗೈತೆ."

ತಂಗಿಯ ಮನೆ ಮುಂದೆ ಅವಳು ಇಳಿದಾಗ, ಕಾದು ಮೆತ್ತಗಾದ ಪ್ಲಾಸ್ಟಿಕ್ಕೂ ಸೀರೆಗೆ ಅಂಟಿಕೊಂಡು ಬಾಲದಂತೆ ಜೊತೆಗೇ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೊಟ್ರೇಶ್ ಗಾಬರಿಯಿಂದ ಓಡಿಬಂದವನೇ ಅವಳನ್ನು ದಾಟಿ ಗಾಡಿಯೊಳಗೆ ಬಗ್ಗಿದ. ಸೀಟಿನ ಮೇಲೆ ಕೈಯಾಡಿಸಿ ನೆಮ್ಮದಿಯ ಉಸಿರು ಬಿಟ್ಟ.

"ನೋಡ್ದ್ಯಾ, ಪ್ಲಾಸ್ಟಿಕ್ ಇದ್ದಿದ್ದಕ್ಕೆ ಸೀಟು ಉಳೀತು!"