ಹಿಂದಿನ ಸೀಟಿನವನು

ಬಿಂದುಮಾಧವರಾಯರ ಬಾಯಿ ಆಗಲೇ ಮುಚ್ಚಿತು, ಇಷ್ಟು ಬೇಗ ಹೇಗೆ ಮುಚ್ಚಿತು, ತಾನು ಹೇಳಿದ್ದು ತುಂಬಿದ ಕೊಡ, ಇವರು ಇಂಗ್ಲಿಷಿನಲ್ಲಿ ಸುರಿದದ್ದು ಒಂದು ಚಮಚೆ — ಶಿವಬಸವ್ವ ಸೆರಗಿನ ಅಂಚನ್ನು ಬೆರಳಿಗೆ ಬಿಗಿದು ಸುತ್ತಿಕೊಂಡಳು, ಮೇಜಿನಾಚೆ ತನಿಖೆಯ ಮೂವರು ಬಿಳಿಯರು, ಅವರ ಪಕ್ಕಕ್ಕೇ ಕುರ್ಚಿ ಎಳೆದುಕೊಂಡ ವಿಮಾನ ಕಂಪನಿಯ ಸಾಹೇಬ, ತನಿಖೆ ಮಾಡುವವರೂ ಮಾಡಿಸಿಕೊಳ್ಳಬೇಕಾದವನೂ ಒಂದೇ ಕಿಟಲಿಯ ಚಹಾ ಕುಡಿಯುವ ನ್ಯಾಯ, ರಾಯರು ನಮ್ಮ ಧಾರವಾಡದ ಕಡೆಯವರು, ಅದಕ್ಕೇ ದುಭಾಷಿ, ಸಂಬಳ ಮಾತ್ರ ಕಂಪನಿಯದು. ಅಷ್ಟೂ ಹೇಳಿದ್ರೇನ್ರಿ ರಾಯರ? ಸಾರಾಂಶ ಹೇಳೀನವ್ವ. ಬಣ್ಣ ಬಳಿಸಿದ ಮಾತು? ಸುಮ್ನಿರು, ಸಾಹೇಬ್ರು ನೋಡ್ಲಿಕ್ಕತ್ತಾರ. ಒಳಗೆ ಬರುವ ಮೊದಲೇ ವರಾಂಡದಲ್ಲಿ ಅಂದಿದ್ದರು, ನಿನ್ನ ಗಂಡ ಮಿಸ್ತ್ರಿ ಮಲಕಪ್ಪನ ಬೇಪರವಾಯಿಯಿಂದ ರೆಕ್ಕೆ ಮುರೀತು ಅಂತ ಬರೀತಾರ, ಸತ್ತವಗ ಏನು ಜೇಲ್ ಆಗ್ತದ, ಬಿಡು — ಸತ್ತವನಿಗೆ ಜೈಲಿಲ್ಲ, ಹೆಸರೂ ಇಲ್ಲವೇ, ಯಾರು ಬೇಪರವಾಯಿ, ಯಾರು ಅಲಕ್ಷ್ಯ ಮಾಡಿದವನು, ರೆಕ್ಕೆಗೆ ಆನಿಸಿದ ಕಟ್ಟಿಗೆಯ ಕಂಬದಲ್ಲಿ ಸೀಳು ಕಂಡು ಕಂಪನಿಯ ಸಾಹೇಬನ ಮುಂದೆ ನಿಂತು ಹಾರಿಸುವುದು ಬೇಡ ಎಂದವನೇ, ನಾಳೆ ಲಾಟಸಾಹೇಬ ಬರುತ್ತಾನೆ, ಸಂಸ್ಥಾನದ ರಾಜರು ಕೊಳ್ಳಲು ಬರುತ್ತಾರೆ, ಸೀಳು ಕಾಣದ ಹಾಗೆ ಬಣ್ಣ ಬಳಿ ಎಂದವನೇ? ಆ ಸಂಜೆ ಗಂಡನ ಎಡಗೈ ಹೆಬ್ಬೆರಳೆಲ್ಲ ಬೆಳ್ಳಿ ಬಣ್ಣ, ತಾನು ನಕ್ಕಿದ್ದಳು, ಏನ್ರಿ, ನನಗ ಕಾಲುಂಗುರ ಮಾಡಸ್ತೀನಂದವರು ನಿಮ್ಮ ಬೆರಳಿಗೇ ಎರಕಾ ಹೊಯ್ಸಿಕೊಂಡ್ರೇನು, ಅವನು ನಗಲಿಲ್ಲ, ಸೀಳೈತಿ ಅಂದೆ, ಕೇಳಲಿಲ್ಲ. ಹಂಗಾರ ನೀವು ಏರಬ್ಯಾಡ್ರಿ. ಹುಚ್ಚಿ, ನಾ ಏರದಿದ್ರ ಯಾರು ಕೊಳ್ತಾರ? ಕಂಪನಿಯ ರೂಢಿ ಅದು, ರಿಪೇರಿ ಮಾಡಿದ ಮಿಸ್ತ್ರಿಯೇ ಪ್ರತಿ ಪ್ರದರ್ಶನದಲ್ಲೂ ಹಿಂದಿನ ಸೀಟಿನಲ್ಲಿ ಕೂರಬೇಕು, ನೋಡಿರಿ ಮಹಾರಾಜರೇ ನಮ್ಮ ಯಂತ್ರದ ಭರವಸೆ — ಮನುಷ್ಯನನ್ನು ಒತ್ತೆಯಿಟ್ಟು ಅದಕ್ಕೆ ಭರವಸೆ ಎಂದು ಹೆಸರಿಟ್ಟವರು, ಸಾಹೇಬ ತಾನೇಕೆ ಕೂರಲಿಲ್ಲ, ಅವನು ಶಾಮಿಯಾನದ ನೆರಳಲ್ಲಿ ಲಾಟಸಾಹೇಬನಿಗೆ ಬೆರಳು ತೋರಿಸುತ್ತಿದ್ದ, ಮೇಲೆ ರೆಕ್ಕೆ ಹಳೆಯ ಕೊಡೆಯ ಹಾಗೆ ಮಡಚಿಕೊಂಡಿತು, ಅದೂ ಆಟವೆಂದು ಜನ ಚಪ್ಪಾಳೆ ಹೊಡೆದರು, ವಿಮಾನ ಬಿದ್ದು ಮಣ್ಣೆದ್ದ ಮೇಲೂ ಬ್ಯಾಂಡಿನವರು ನಿಲ್ಲಿಸಲು ಮರೆತು ಬಾರಿಸುತ್ತಲೇ ಇದ್ದರು, ಕಂಪನಿಯವರು ಮಾತ್ರ ಏನನ್ನೂ ಮರೆಯಲಿಲ್ಲ, ಕತ್ತಲಾಗುವುದರೊಳಗೆ ಮುರುಕಲನ್ನೆಲ್ಲ ಲಾರಿಗೆ ಹೇರಿ ಮುಂಬಯಿಗೆ ಸಾಗಿಸಿದರು. ಮುಗೀತು, ನಡಿಯವ್ವ, ಎನ್ನುತ್ತಿದ್ದಾರೆ ರಾಯರು. ಹೇಗೆ ನಡೆಯುವುದು, ಇಲ್ಲಿಂದ ನಡೆದರೆ ಅವನನ್ನು ಇನ್ನೊಮ್ಮೆ ಕೊಂದು ಬಂದ ಹಾಗೆ — ನಡುವಿನ ದೊಡ್ಡ ಸಾಹೇಬ ಚಹಾ ತಂದ ಪಟ್ಟೇವಾಲನನ್ನು ಗದರಿದ್ದು ಮರಾಠಿಯಲ್ಲಲ್ಲವೇ, ಹೌದು, ಮರಾಠಿಯಲ್ಲೇ, ಅವಳು ರಾಯರ ತೋಳು ಸರಿಸಿದಳು, ಮಂಡಿಯಲ್ಲಿ ಕಾಯಿಪಲ್ಲೆ ಚೌಕಾಸಿ ಮಾಡುವ ಒಡ್ಡೊಡ್ಡು ಮರಾಠಿ, ಅಷ್ಟೇ ಸಾಕು, ಸಾಹೇಬ್, ಕಂಬ ಮೊದಲೇ ಸೀಳಿತ್ತು, ನನ್ನ ಗಂಡ ಹೇಳಿದ್ದ, ಇವನೇ, ಈ ಕೂತವನೇ, ಬಣ್ಣ ಬಳಿಸಿದ. ರಾಯರ ಮುಖ ಹಿಂಡಿದ ಬಟ್ಟೆಯಾಯಿತು, ಕಂಪನಿಯವನು ಚಹಾ ಬಿಟ್ಟು ಕುರ್ಚಿ ಹಿಂದಕ್ಕೆ ಸರಿಸಿದ, ದೊಡ್ಡ ಸಾಹೇಬ ಲೇಖನಿ ಎತ್ತಿ ಹಿಡಿದು ಮೊದಲ ಸಲ ಅವಳನ್ನೇ ನೋಡಿ ಅವಳದೇ ಮರಾಠಿಯಲ್ಲಿ ಕೇಳಿದ, ಪುರಾವೆ? ಪುರಾವೆ — ಗಂಡನನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುವ ಮುಂಚೆ ಆ ಬಣ್ಣಕ್ಕೆ ಎಣ್ಣೆ ಹಚ್ಚಿ ತಿಕ್ಕಿದ್ದಳು, ಹೋಗಲಿಲ್ಲ, ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು, ಮಡಚಿದ ನಾಲ್ಕು ಬೆರಳಿನ ಮೇಲೆ ಆ ಹೆಬ್ಬೆರಳು, ಪುರಾವೆ, ಮಣ್ಣು ಎದೆಗೆ ಬಂತು, ಮುಷ್ಟಿಗೆ ಬಂತು, ಬೆಳ್ಳಿ ಬಣ್ಣದ ಹೆಬ್ಬೆರಳು, ಆ ಹೆಬ್ಬೆರಳು —